ಸ್ಯಾನ್ ಸ್ಟಾರ್ಮ್ ಕಾರಿನ ಕನ್ನಡಿಗೆ ಹೊಸ ಬುಡ

ಗಾಡಿ ನಿಂತಲ್ಲೇ ನಿಂತು ಎಂಜಿನ್ ಮಾತ್ರ ಓಡುತ್ತಿರುವಾಗ, ಎಡಗಡೆಯ ಕನ್ನಡಿಯಲ್ಲಿ ಹಿಂದಿನ ಬಸ್ಸಿನ ಎರಡು ದೀಪಗಳು ನಾಲ್ಕಾಗಿ ಕಾಣತೊಡಗಿದ ದಿನ, ಇನ್ನು ಈ ಕೆಲಸವನ್ನು ಮುಂದೂಡುವಂತಿಲ್ಲ ಎಂದು ನಿಶ್ಚಯಿಸಿದೆ. ನನ್ನ ಉದ್ಯೋಗ ಗೋವಾದ ವೆರ್ಣಾ ಕೈಗಾರಿಕಾ ವಸಾಹತಿನಲ್ಲಿ, ಮನೆ ಮಡಗಾಂವಿನ ಹೊರವಲಯದಲ್ಲಿ. ನಡುವಿನ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಎಡದಿಂದ ನುಸುಳಿ ಬರುವ ಸ್ಕೂಟರುಗಳನ್ನು ಕನ್ನಡಿಯಲ್ಲಿ ನೋಡಿಕೊಳ್ಳದೆ ಒಂದು ದಿನವೂ ಮನೆ ಮುಟ್ಟುವಂತಿಲ್ಲ.

ಸ್ಯಾನ್ ಸ್ಟಾರ್ಮ್ ಎಂಬ ಹೆಸರನ್ನು ಕೇಳದವರೇ ಹೆಚ್ಚು. 1998ರಲ್ಲಿ ಹೊರಬಂದ, ಗೋವಾದಲ್ಲೇ ತಯಾರಾದ, ಇಬ್ಬರೇ ಕೂರುವ ಪುಟ್ಟ ಸ್ಪೋರ್ಟ್ಸ್ ಕಾರು ಇದು. ಎಂಜಿನ್ ರೆನೋ ಕಂಪನಿಯ 1149 ಸಿಸಿಯದು, ಶಕ್ತಿ 60 ಅಶ್ವಶಕ್ತಿ. ಇಂದಿನ ಲೆಕ್ಕದಲ್ಲಿ ಅದೇನೂ ದೊಡ್ಡದಲ್ಲ. ಆದರೆ ಮೈ ತಗಡಿನದಲ್ಲ, ಫೈಬರಿನದು, ಅಂದರೆ ಗಾಜಿನ ಎಳೆಗಳನ್ನು ರೆಸಿನ್ ಎಂಬ ಅಂಟುದ್ರವದಲ್ಲಿ ಹಾಕಿ ಗಟ್ಟಿ ಮಾಡಿದ್ದು. ಕಾರು ಹಗುರವಾಗಿರುವುದಕ್ಕೂ ತುಕ್ಕಿನ ಭಯವಿಲ್ಲದಿರುವುದಕ್ಕೂ ಆ ಫೈಬರೇ ಕಾರಣ. ನಾನು ಬರೆಯಹೊರಟಿರುವ ತೊಂದರೆಗೆ ಮಾತ್ರ ಕಾರು ಕಟ್ಟಿದವರು ಹೊಣೆಯಲ್ಲ. ನನಗಿಂತ ಮೊದಲಿನ ಮಾಲೀಕರ ಕಾಲದಲ್ಲಿ ಯಾವುದೋ ಗ್ಯಾರೇಜಿನವರು ಬೇರೊಂದು ಕಾರಿನ ಕನ್ನಡಿಗಳನ್ನು ತಂದು, ತಗಡಿನ ಬಾಗಿಲಿಗೆ ಕೂರಿಸುವ ರೀತಿಯಲ್ಲೇ ಫೈಬರ್ ಬಾಗಿಲಿಗೂ ಕೂರಿಸಿದ್ದರು.

ಕನ್ನಡಿ ನಡುಗಿದರೆ ತಪ್ಪನ್ನು ಗಾಳಿಯ ತಲೆಗೆ ಕಟ್ಟುವುದು ರೂಢಿ. ಲೆಕ್ಕ ಹಾಕಿ ನೋಡಿದರೆ ಗಾಳಿ ಅಷ್ಟೊಂದು ಅಪರಾಧಿಯಲ್ಲ. ನನ್ನ ಕನ್ನಡಿಯ ಮುಂಭಾಗದ ವಿಸ್ತಾರ ಸುಮಾರು 200 ಚದರ ಸೆಂಟಿಮೀಟರ್. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅದರ ಮೇಲೆ ಬೀಳುವ ಒತ್ತು ಹೆಚ್ಚೆಂದರೆ ಒಂದು ಕಿಲೋ ಭಾರದಷ್ಟು. ಅದಕ್ಕಿಂತ ಹೆಚ್ಚಿನ ಪೆಟ್ಟು ಬಾಗಿಲನ್ನು ಒಮ್ಮೆ ಜೋರಾಗಿ ಬಡಿದಾಗಲೇ ಬೀಳುತ್ತದೆ. ಮೇಲಾಗಿ ನನ್ನ ಕನ್ನಡಿ ಗಾಡಿ ನಿಂತಿರುವಾಗಲೇ ನಡುಗುತ್ತಿತ್ತು.

ನಾಲ್ಕು ಸಿಲಿಂಡರಿನ ಎಂಜಿನ್ ಪ್ರತಿ ಸುತ್ತಿಗೂ ಎರಡು ಬಾರಿ ಉರಿಯುತ್ತದೆ. ನಿಮಿಷಕ್ಕೆ 850 ಸುತ್ತಿನ ಐಡ್ಲಿಂಗಿನಲ್ಲಿ ಅದು ಸೆಕೆಂಡಿಗೆ ಸುಮಾರು 28 ತಳ್ಳುಗಳಾಗುತ್ತವೆ. ಯಾವ ಕನ್ನಡಿಗಾದರೂ ತಾನೇ ತಾನಾಗಿ ತೂಗಾಡುವ ಒಂದು ಲಯವಿರುತ್ತದೆ. ಎಂಜಿನ್ನಿನ ತಳ್ಳು ಆ ಲಯಕ್ಕೆ ಸರಿಹೊಂದಿದ ಕ್ಷಣದಲ್ಲಿ ಪ್ರತಿಬಿಂಬ ಕದಡುತ್ತದೆ. ಐದು ವರ್ಷದ ಹಿಂದೆ ಕಾರು ಕೊಂಡಾಗ ಇದೇ ಕನ್ನಡಿ 1500 ಸುತ್ತಿನ ಆಸುಪಾಸಿನಲ್ಲಿ, ಅಂದರೆ ಸೆಕೆಂಡಿಗೆ 50 ತಳ್ಳುಗಳಲ್ಲಿ, ಒಂದಿಷ್ಟು ಮಸುಕಾಗುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಕನ್ನಡಿಯ ತೂಕ ಬದಲಾಗಿಲ್ಲ. ಲಯ ಮಾತ್ರ 50ರಿಂದ 28ಕ್ಕೆ ಇಳಿದಿದೆ. ಬುಡದ ಬಿಗುವು ಈ ಸಂಖ್ಯೆಯ ವರ್ಗಕ್ಕೆ ಅನುಗುಣವಾಗಿರುವುದರಿಂದ, ಐದು ವರ್ಷದಲ್ಲಿ ಅದು ಮೂರನೇ ಒಂದು ಭಾಗಕ್ಕೆ ಬಂದು ನಿಂತಿದೆ ಎಂದಾಯಿತು. ಒಂದೂ ಸ್ಕ್ರೂ ಬಿಚ್ಚದೆ ಇಷ್ಟು ತಿಳಿಯಿತು. ಈ ಐದು ವರ್ಷದಲ್ಲಿ ನಾನು ಮಾಡಿದ್ದೇನೆಂದರೆ, ನಡುಕ ಹೆಚ್ಚಿದಾಗಲೆಲ್ಲ ಬೋಲ್ಟನ್ನು ಇನ್ನಷ್ಟು ಬಿಗಿ ಮಾಡಿದ್ದು. ಗಾಯದ ಮೇಲೆ ಬರೆ ಎಳೆದವನು ನಾನೇ ಎಂಬುದು ಬಾಗಿಲು ಬಿಚ್ಚಿದ ಮೇಲೆ ಗೊತ್ತಾಯಿತು.

ಜುಲೈ ಎರಡನೆಯ ವಾರದ ಒಂದು ಭಾನುವಾರ ಬಾಗಿಲಿನ ಒಳಹಲಗೆಯನ್ನು ತೆಗೆದೆ. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ರಜೆಗೆಂದು ಬಂದಿದ್ದ. ಅವನು ಹೊರಗಿನಿಂದ ಕನ್ನಡಿಯನ್ನು ಹಿಡಿದುಕೊಂಡ, ನಾನು ಒಳಗಿನಿಂದ ಪಾನಾ ಹಾಕಿದೆ. ಮೂರು ಬೋಲ್ಟ್ ಇರಬೇಕಾದ ಕಡೆ ಎರಡೇ ಇದ್ದವು. ಮೂರನೆಯದರ ಜಾಗದಲ್ಲಿ ಒಂದು ದಪ್ಪ ಸೆಲ್ಫ್ ಟ್ಯಾಪಿಂಗ್ ಸ್ಕ್ರೂವನ್ನು ಹೊರಗಿನಿಂದ ತಿರುಗಿಸಿ, ಅದರ ತಲೆಯ ಮೇಲೆ ಪುಟ್ಟಿ ಮೆತ್ತಿ, ಕಪ್ಪು ಬಣ್ಣ ಬಳಿದು ಮುಚ್ಚಿದ್ದರು. ಬೋಲ್ಟುಗಳು ಸಲೀಸಾಗಿ ಬಿಚ್ಚಿಕೊಳ್ಳಲಿಲ್ಲ. ಸ್ಟೇನ್‌ಲೆಸ್ ಬೋಲ್ಟು, ಅಲ್ಯೂಮಿನಿಯಂ ಎರಕದ ಬುಡ, ನಡುವೆ ಗೋವಾದ ಉಪ್ಪುಗಾಳಿ. ಈ ಮೂರೂ ಸೇರಿದಲ್ಲಿ ಅಲ್ಯೂಮಿನಿಯಂ ತಿಂದುಹೋಗಿ ಸುಣ್ಣದಂತಹ ಬಿಳಿ ಪುಡಿ ಹುಟ್ಟುತ್ತದೆ. ಎರಡನೆಯ ಬೋಲ್ಟು ಹೊರಬಂದಾಗ ಅದರ ಎಳೆಗಳ ನಡುವೆ ಆ ಬಿಳಿ ಪುಡಿಯೊಂದಿಗೆ ಬುಡದ ಎಳೆಯೂ ಸುರುಳಿಯಾಗಿ ಸುತ್ತಿಕೊಂಡು ಬಂತು.

ಕನ್ನಡಿ ಕೈಗೆ ಬಂದ ಮೇಲೆ ಬಾಗಿಲಿನ ಹೊರಮೈಯನ್ನು ಹತ್ತಿರದಿಂದ ನೋಡಿದೆ. ಹಿಂದಿನ ತೂತಿನಿಂದ ಏಳು ಬಿರುಕುಗಳು ಜೇಡರ ಬಲೆಯ ಎಳೆಗಳ ಹಾಗೆ ಹೊರಟಿದ್ದವು. ಎಲ್ಲಕ್ಕಿಂತ ಉದ್ದದ್ದು 38 ಮಿಲಿಮೀಟರ್. ತೂತುಗಳು ದುಂಡಗಿರದೆ ಹುಣಸೆ ಬೀಜದಂತೆ ಒಂದು ಕಡೆಗೆ ಎಳೆದುಕೊಂಡಿದ್ದವು. ಒಳಗಡೆ ಇದ್ದದ್ದು ಹತ್ತು ಮಿಲಿಮೀಟರ್ ಅಗಲದ ಸಾಮಾನ್ಯ ವಾಷರು, ಅಷ್ಟೆ. ಅದು ಫೈಬರಿನೊಳಕ್ಕೆ ಅರ್ಧ ಮಿಲಿಮೀಟರಿನಷ್ಟು ಹೂತುಹೋಗಿ, ಸುತ್ತಲಿನ ಪದರ ಬೆಳ್ಳಗಾಗಿತ್ತು. ಅರೆಪಾರದರ್ಶಕವಾಗಿ ಹಸಿರುಛಾಯೆ ಇರಬೇಕಾದ ಫೈಬರ್ ಬೆಳ್ಳಗಾದರೆ, ಒಳಗೆ ಗಾಜಿನ ಎಳೆಯೂ ರೆಸಿನ್ನೂ ಒಂದನ್ನೊಂದು ಬಿಟ್ಟಿವೆ ಎಂದರ್ಥ. ಎಲ್ಲಿಯವರೆಗೆ ಬಿಟ್ಟಿವೆ ಎಂದು ತಿಳಿಯಲು ಒಂದು ರೂಪಾಯಿಯ ನಾಣ್ಯದಿಂದ ಅಂಗುಲ ಅಂಗುಲಕ್ಕೂ ತಟ್ಟುತ್ತ ಹೋದೆ. ಗಟ್ಟಿ ಇರುವಲ್ಲಿ ‘ಟಣ್’ ಎನ್ನುತ್ತದೆ, ಪದರ ಬಿಟ್ಟಲ್ಲಿ ‘ದಬ್’ ಎನ್ನುತ್ತದೆ. ಪೆನ್ಸಿಲಿನಿಂದ ಗುರುತು ಹಾಕಿದಾಗ ಎಡಬಾಗಿಲಿನ ‘ದಬ್’ ಭಾಗ ಚಿಕ್ಕ ಅಂಗೈಯಷ್ಟಾಯಿತು. ಬಲಬಾಗಿಲಿನಲ್ಲಿ ಮೂರು ತೂತುಗಳ ಸುತ್ತ ಐದು ರೂಪಾಯಿ ನಾಣ್ಯದಷ್ಟೇ ಇತ್ತು.

ತಗಡಿಗೂ ಫೈಬರಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಹೇಳಲೇಬೇಕು. ತಗಡಿನ ಮೇಲೆ ಬೋಲ್ಟು ಬಿಗಿದರೆ ತಗಡು ಸ್ವಲ್ಪ ಬಗ್ಗಿ, ಬಿಗಿತವನ್ನು ಹಿಡಿದುಕೊಂಡು ವರ್ಷಗಟ್ಟಲೆ ಕೂರುತ್ತದೆ. ಫೈಬರಿನಲ್ಲಿರುವ ರೆಸಿನ್ ಹಾಗಲ್ಲ. ಒಂದೇ ಜಾಗದಲ್ಲಿ ಒತ್ತುತ್ತಲೇ ಇದ್ದರೆ, ಅದರಲ್ಲೂ ಬಿಸಿಲಿಗೆ ಕಾದಾಗ, ನಿಧಾನವಾಗಿ ಸರಿದು ಜಾಗ ಬಿಡುತ್ತದೆ. ಬೋಲ್ಟು ಸಡಿಲವಾಯಿತೆಂದು ನಾವು ಮತ್ತೆ ಬಿಗಿಯುತ್ತೇವೆ, ಅದು ಮತ್ತೆ ಸರಿಯುತ್ತದೆ. ಬಿಗಿಯುವ ಪ್ರತಿ ಬಾರಿಯೂ ಸ್ವಲ್ಪ ಸ್ವಲ್ಪವೇ ಬಾಗಿಲನ್ನು ಪುಡಿ ಮಾಡಿದಂತೆ.

ಗೋವಾದಲ್ಲಿ ಫೈಬರ್ ಬಲ್ಲವರು ಬೇಕೆಂದರೆ ಕಾರಿನ ಗ್ಯಾರೇಜಿಗೆ ಹೋಗುವುದಕ್ಕಿಂತ ಮೀನುಗಾರಿಕೆಯ ಧಕ್ಕೆಗೆ ಹೋಗುವುದು ಮೇಲು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಎರಡು ತಿಂಗಳಲ್ಲಿ ದೋಣಿಗಳನ್ನು ದಡಕ್ಕೆಳೆದು ರಿಪೇರಿ ಮಾಡುತ್ತಾರೆ. ಸಾಳ್ ನದಿಯ ಮೇಲಿನ ಕುಟಬಣ ಧಕ್ಕೆಯಲ್ಲಿ ಅಂಕೋಲಾ ಕಡೆಯ ಒಬ್ಬ ಮೇಸ್ತ್ರಿಯ ಪರಿಚಯ ನನಗಿತ್ತು. ತಾಡಪತ್ರೆಯ ಕೆಳಗೆ ಕವುಚಿ ಹಾಕಿದ ದೋಣಿಯ ಬೆನ್ನನ್ನು ಉಜ್ಜುತ್ತಿದ್ದವರು, ಮೊಬೈಲಿನಲ್ಲಿ ನಾನು ತೋರಿಸಿದ ಚಿತ್ರಗಳನ್ನು ನೋಡಿ ಕೆಲಸ ನಿಲ್ಲಿಸಿದರು.

“ಬೋಲ್ಟ್ ಎಷ್ಟು ದಪ್ಪ ಅಂತಲ್ಲ ಸರ್, ಅದರ ಹಿಂದೆ ಏನಿದೆ ಅಂತ ನೋಡ್ಬೇಕು. ನಾವು ಬೋಟಿಗೆ ಹಗ್ಗ ಕಟ್ಟೋ ಗೂಟ ಹಾಕುವಾಗ ಹಿಂದೆ ದಪ್ಪ ಹಲಗೆ ಕೊಡದಿದ್ರೆ, ಹಗ್ಗ ಎಳೆದ ಕೂಡಲೆ ಗೂಟದ ಸಂಗಡ ಡೆಕ್ಕೂ ಕಿತ್ತು ಬರ್ತದೆ.”

“ಹಾಗಾದರೆ ನೀವೇ ಬಂದು ಮಾಡಿಕೊಡ್ತೀರಾ ಮೇಸ್ತ್ರಿ?”

“ಅಯ್ಯೋ ಮಾರಾಯ್ರೆ, ಒಂದನೇ ತಾರೀಕಿಗೆ ಮೂರು ಬೋಟು ನೀರಿಗೆ ಇಳೀಬೇಕು. ಸಾಮಾನು ಕೊಡ್ತೆ, ಹೇಗೆ ಅಂತ ಹೇಳ್ತೆ. ಕೈ ನಿಮ್ಮದೇ.”

ಹೀಗೆ ಚದರ ಮೀಟರಿಗೆ 450 ಗ್ರಾಂ ತೂಗುವ ಗಾಜಿನ ಎಳೆಯ ಮ್ಯಾಟ್ ಒಂದು ಮೀಟರ್, ಒಂದು ಕಿಲೋ ಪಾಲಿಯೆಸ್ಟರ್ ರೆಸಿನ್, ಚಿಕ್ಕ ಸೀಸೆಯಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡನರ್ ನನ್ನ ಪಾಲಿಗೆ ಬಂದವು. ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ದ್ರಾವಣವನ್ನು ರೆಸಿನ್ನಿಗೆ ಮೇಸ್ತ್ರಿಯವರೇ ಮೊದಲು ಬೆರೆಸಿಕೊಟ್ಟರು. ಇದು ಕೇವಲ ಸೌಜನ್ಯವಲ್ಲ. ಕೋಬಾಲ್ಟ್ ಮತ್ತು ಹಾರ್ಡನರ್ ಎರಡನ್ನೂ ನೇರವಾಗಿ ಒಂದರೊಡನೊಂದು ಸೇರಿಸಿದರೆ ಬೆಂಕಿ ಹೊತ್ತಿಕೊಳ್ಳುವ, ಸಿಡಿಯುವ ಅಪಾಯವಿದೆ. ಮೊದಲು ಕೋಬಾಲ್ಟನ್ನು ರೆಸಿನ್ನಿನಲ್ಲಿ ಪೂರ್ತಿ ಕಲಸಬೇಕು, ಹಾರ್ಡನರ್ ಬರುವುದು ಕೊನೆಯಲ್ಲಿ. ಹಾರ್ಡನರ್ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು ಎಂದು ಹೇಳಿ, ತಮ್ಮ ಹಳೆಯ ಕನ್ನಡಕವನ್ನೂ ಚೀಲಕ್ಕೆ ಹಾಕಿದರು. ಅವರು ಸ್ವತಃ ಕನ್ನಡಕ ಹಾಕಿಕೊಳ್ಳುವುದನ್ನು ನಾನಂತೂ ಕಂಡಿಲ್ಲ.

ಹಿಂಬದಿಯ ಹಲಗೆಗೆ ನನ್ನ ಮನಸ್ಸು ಮೊದಲು ಮೂರು ಮಿಲಿಮೀಟರ್ ಅಲ್ಯೂಮಿನಿಯಂ ಕಡೆಗೆ ಹೋಗಿತ್ತು. ಎರಡು ಕಾರಣಕ್ಕೆ ಅದನ್ನು ಬಿಟ್ಟೆ. ಬಾಗಿಲಿನ ಮೈ ಎರಡು ದಿಕ್ಕಿನಲ್ಲೂ ಬಾಗಿದೆ, ಚಪ್ಪಟೆ ತಗಡು ಅದಕ್ಕೆ ಅಂಚಿನಲ್ಲಷ್ಟೇ ತಾಗುತ್ತದೆ. ಜೊತೆಗೆ ಸ್ಟೇನ್‌ಲೆಸ್ ಬೋಲ್ಟಿನ ಪಕ್ಕ ಇನ್ನೊಂದು ಅಲ್ಯೂಮಿನಿಯಂ ತುಂಡನ್ನಿಟ್ಟು ಅದೇ ಬಿಳಿ ಪುಡಿಯನ್ನು ಮತ್ತೆ ಬೆಳೆಸುವುದು ಬೇಡವಾಗಿತ್ತು. ಆದ್ದರಿಂದ ಹಲಗೆಯನ್ನೂ ಫೈಬರಿನಲ್ಲೇ, ಬಾಗಿಲಿನ ಬಾಗಿಗೆ ತಕ್ಕಂತೆ ಎರೆಯುವುದೆಂದಾಯಿತು. ಬಾಗಿಲಿನೊಳಗೆ ಕೈ ತೂರಿಸಿ ನೆಟ್ಟಗೆ ನಿಂತ ಗೋಡೆಗೆ ಹಸಿ ಮ್ಯಾಟ್ ಅಂಟಿಸುವುದು ಆಗದ ಮಾತು, ಜಾರಿ ಬೀಳುತ್ತದೆ. ಮೇಸ್ತ್ರಿಯವರು ಹೇಳಿದ ಉಪಾಯ ಸರಳವಾಗಿತ್ತು: ಬಾಗಿಲಿನ ಹೊರಮೈಯನ್ನೇ ಅಚ್ಚು ಮಾಡಿಕೊಳ್ಳುವುದು. ಅಲ್ಲಿ ಎರೆದ ಹಲಗೆಯ ಒಳಬದಿ ನುಣುಪಾಗಿಯೂ ಹೊರಬದಿ ಒರಟಾಗಿಯೂ ಇರುತ್ತದೆ. ಅದನ್ನು ಹಾಗೇ ಬಾಗಿಲಿನ ಒಳಕ್ಕೆ ಸರಿಸಿದರೆ ಒರಟು ಬದಿ ಬಾಗಿಲಿಗೆ ಕೂರುತ್ತದೆ, ಅಂಟು ಹಿಡಿಯುವುದಕ್ಕೆ ಅದೇ ಬೇಕು. ನುಣುಪು ಬದಿಯ ಮೇಲೆ ವಾಷರುಗಳು ಸಮನಾಗಿ ಕೂರುತ್ತವೆ. ಬಾಗಿಲಿನ ದಪ್ಪದಿಂದ ಬಾಗಿನಲ್ಲಿ ಬರುವ ವ್ಯತ್ಯಾಸ ಒಂದು ಕೂದಲೆಳೆಯಷ್ಟೂ ಇಲ್ಲ.

ಎರೆಯುವ ಮೊದಲು ಒಳಗೆ ಎಷ್ಟು ಜಾಗವಿದೆ ಎಂದು ತಿಳಿಯಬೇಕಿತ್ತು, ಏಕೆಂದರೆ ಕಿಟಕಿಯ ಗಾಜು ಅಲ್ಲೇ ಇಳಿಯುತ್ತದೆ. ಮನೆಯಲ್ಲಿ ಚಪಾತಿಗೆ ಕಲಸಿಟ್ಟಿದ್ದ ಕಣಕದಿಂದ ಒಂದು ನಿಂಬೆಗಾತ್ರದ ಉಂಡೆಯನ್ನು ತೆಗೆದು, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಗಾಜು ಮತ್ತು ಬಾಗಿಲಿನ ಮೈಯ ನಡುವೆ ಒತ್ತಿ ಹೊರತೆಗೆದೆ. ಕ್ಯಾಲಿಪರಿನಲ್ಲಿ 19 ಮಿಲಿಮೀಟರ್ ಬಂತು. ಹಲಗೆ, ಅಂಟು, ವಾಷರು, ಬೋಲ್ಟಿನ ತಲೆ ಎಲ್ಲ ಸೇರಿ 12 ದಾಟುವುದಿಲ್ಲ. ಏಳು ಮಿಲಿಮೀಟರ್ ಉಳಿಯುತ್ತದೆ, ಸಾಕು.

ಬಾಗಿಲಿನ ಮೇಲೆ ಕಂದು ಟೇಪನ್ನು ಸುಕ್ಕಿಲ್ಲದಂತೆ ಅಂಟಿಸಿ, ಮೇಲೆ ಮೇಣ ತಿಕ್ಕಿ, 200 ಗುಣಿಸು 160 ಮಿಲಿಮೀಟರಿನ ಐದು ಮ್ಯಾಟ್ ತುಂಡುಗಳನ್ನು ಕತ್ತರಿಸಿದೆ. ಈ ಮ್ಯಾಟ್ ಒಂದು ಪದರಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ದಪ್ಪ ಕೊಡುತ್ತದೆ. ಐದು ತುಂಡು ಸೇರಿ 72 ಗ್ರಾಂ ತೂಗಿದವು. ಅದಕ್ಕೆ 170 ಗ್ರಾಂ ರೆಸಿನ್, ಎರಡೂವರೆ ಗ್ರಾಂ ಹಾರ್ಡನರ್. ಬಂಗಾರ ತೂಗುವಂತಹ ಪುಟ್ಟ ತಕ್ಕಡಿಯನ್ನು ತರಿಸಿಕೊಂಡಿದ್ದು ಈ ಕೆಲಸಕ್ಕೆ ನಾನು ಮಾಡಿದ ಅತ್ಯಂತ ಸಾರ್ಥಕ ಖರ್ಚು. ಆದರೂ ಮೊದಲ ಬಟ್ಟಲನ್ನು ಕಳೆದುಕೊಂಡೆ. ತೂಕ ಸರಿಯಿತ್ತು, ಕಲಸಿದ್ದನ್ನೆಲ್ಲ ಕಿರಿದಾದ ಆಳದ ಲೋಟದಲ್ಲೇ ಬಿಟ್ಟು ಫೋನಿನಲ್ಲಿ ಮಾತಾಡುತ್ತ ನಿಂತದ್ದು ತಪ್ಪು. ರೆಸಿನ್ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ತೆಳುವಾಗಿ ಹರಡಿದರೆ ಆ ಬಿಸಿ ಹೊರಗೆ ಹೋಗುತ್ತದೆ, ಒಂದೆಡೆ ಗುಡ್ಡೆಯಾಗಿದ್ದರೆ ಬಿಸಿಯೇ ಇನ್ನಷ್ಟು ಬಿಸಿಗೆ ಕಾರಣವಾಗುತ್ತದೆ. “ಮಾವಾ, ಲೋಟದಿಂದ ಹೊಗೆ ಬರ್ತಾ ಇದೆ” ಎಂದು ಹುಡುಗ ಕೂಗಿದಾಗ ಲೋಟ ಒಂದು ಬದಿಗೆ ವಾಲಿ ಕರಗುತ್ತಿತ್ತು. ಎರಡನೆಯ ಸಲ ಅಗಲವಾದ ತಟ್ಟೆಯಲ್ಲಿ ಕಲಸಿ, ಕೂಡಲೇ ಬ್ರಷ್ಷಿನಿಂದ ಕುಟ್ಟಿ ಕುಟ್ಟಿ, ಪ್ರತಿ ಪದರದ ಬಿಳಿ ಬಣ್ಣ ಮಾಯವಾಗುವವರೆಗೂ ಗಾಳಿಗುಳ್ಳೆಗಳನ್ನು ಹೊರದೂಡಿದೆ. ಬ್ರಷ್ಷನ್ನು ಎಳೆದರೆ ಮ್ಯಾಟಿನ ಎಳೆ ಕಿತ್ತು ಬರುತ್ತದೆ, ಕುಟ್ಟಬೇಕು, ಬಳಿಯಬಾರದು.

ಮರುದಿನ ಬಿಡಿಸಿದ ಹಲಗೆಗಳನ್ನು 140 ಗುಣಿಸು 110ಕ್ಕೆ ಕತ್ತರಿಸಿ, ಮೂಲೆಗಳನ್ನು ದುಂಡು ಮಾಡಿ, ಅಂಚುಗಳನ್ನು ಸುತ್ತಲೂ 20 ಮಿಲಿಮೀಟರಿನಷ್ಟು ಇಳಿಜಾರಾಗಿ ಉಜ್ಜಿದೆ. ಈ ಇಳಿಜಾರನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಐದು ಮಿಲಿಮೀಟರ್ ದಪ್ಪ ಒಮ್ಮೆಗೇ ಮುಗಿದರೆ ಬಾಗಿಲು ಬಗ್ಗುವುದೆಲ್ಲ ಆ ಅಂಚಿನ ಗೆರೆಯಲ್ಲೇ ಆಗಿ, ಇವತ್ತು ತೂತಿನ ಸುತ್ತ ಇರುವ ಬಿರುಕು ನಾಳೆ ಹಲಗೆಯ ಸುತ್ತ ಚೌಕಾಕಾರದಲ್ಲಿ ಹೊರಗೆ ಕಾಣಿಸಿಕೊಳ್ಳುತ್ತದೆ.

ತೂತು ಕೊರೆಯುವಲ್ಲಿ ನಾನು ಮಾಡಿದ ತಪ್ಪನ್ನು ಹೇಳಲು ಸ್ವಲ್ಪ ನಾಚಿಕೆಯಾಗುತ್ತದೆ. ಬುಡದ ಮೂರು ತೂತುಗಳನ್ನು ಕಾಗದದ ಮೇಲೆ ಇಳಿಸಿಕೊಂಡು, ಆ ಕಾಗದವನ್ನು ಹಲಗೆಯ ನುಣುಪು ಬದಿಗೆ ಅಂಟಿಸಿ ಕೊರೆದೆ. ಕಾಗದ ಹೊರಗಿನಿಂದ ನೋಡಿದಂತಿತ್ತು, ನುಣುಪು ಬದಿ ಕಾರಿನ ಒಳಕ್ಕೆ ಮುಖ ಮಾಡುತ್ತದೆ; ಎಡ ಬಲವಾಯಿತು. ಕನ್ನಡಿಯ ಕೆಲಸ ಮಾಡುತ್ತ ಪ್ರತಿಬಿಂಬದ ನಿಯಮವನ್ನೇ ಮರೆತವನಿಗೆ ಇನ್ನೊಂದು ಹಲಗೆ ಎರೆಯುವ ಶಿಕ್ಷೆಯಾಯಿತು. ಬುಡದ ತೂತುಗಳು ಸಮಬಾಹು ತ್ರಿಕೋನದಲ್ಲಿ ಇದ್ದಿದ್ದರೆ ಬಚಾವಾಗುತ್ತಿದ್ದೆ.

ಬಾಗಿಲಿನ ಹಳೆಯ ಗಾಯಗಳನ್ನು ಮೊದಲು ತುಂಬಬೇಕಿತ್ತು. ಬೆಳ್ಳಗಾದ ಪದರವನ್ನು ಒಳಗಿನಿಂದ 80 ನಂಬರಿನ ಪೇಪರಿನಲ್ಲಿ ಗಟ್ಟಿ ಫೈಬರ್ ಸಿಗುವವರೆಗೆ ಉಜ್ಜಿ, ಹಿಗ್ಗಿದ ತೂತುಗಳ ಅಂಚನ್ನು ಎರಡೂ ಕಡೆಯಿಂದ ಇಳಿಜಾರು ಮಾಡಿ, ಅಸಿಟೋನಿನಿಂದ ಒರೆಸಿದೆ. ಇಲ್ಲಿಂದ ಮುಂದೆ ಪಾಲಿಯೆಸ್ಟರನ್ನು ಬಿಟ್ಟು, ಎರಡು ಭಾಗ ಬೆರೆಸಿ ಬಳಸುವ ಎಪಾಕ್ಸಿ ಅಂಟಿಗೆ ಬಂದೆ. ಹೊಸ ಪಾಲಿಯೆಸ್ಟರ್ ಹೊಸ ಪಾಲಿಯೆಸ್ಟರಿಗೆ ಚೆನ್ನಾಗಿ ಬೆಸೆಯುತ್ತದೆ; ಇಪ್ಪತ್ತು ವರ್ಷ ದಾಟಿದ ಹಳೆಯ ಪದರಕ್ಕೆ ಅಂಟಿಕೊಳ್ಳುವುದರಲ್ಲಿ ಎಪಾಕ್ಸಿಯೇ ಬಲ. ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ ಎಪಾಕ್ಸಿಗೆ, ಅದನ್ನು ಮಂದವಾಗಿಸುವ ಏರೋಸಿಲ್ ಎಂಬ ನುಣ್ಣನೆಯ ಸಿಲಿಕಾ ಪುಡಿಯನ್ನೂ ಮ್ಯಾಟಿನಿಂದ ಕತ್ತರಿಸಿದ ಚಿಕ್ಕ ಎಳೆಗಳನ್ನೂ ಸೇರಿಸಿ, ಚಮಚದಿಂದ ಜಾರದ ಹದಕ್ಕೆ, ಗಟ್ಟಿ ಚಟ್ನಿಯಂತೆ, ಕಲಸಿಕೊಂಡೆ. ಹೊರಗಿನಿಂದ ಟೇಪು ಹಚ್ಚಿ ಒಳಗಿನಿಂದ ತೂತುಗಳಿಗೆ ತುಂಬಿದೆ.

ಜುಲೈ ತಿಂಗಳ ಗೋವಾದಲ್ಲಿ ಗೋಡೆಯ ಮೇಲಿನ ಆರ್ದ್ರತೆಯ ಮಾಪಕ 90ರಿಂದ ಕೆಳಗಿಳಿಯುವುದೇ ಅಪರೂಪ. ಗಾಜಿನ ಮ್ಯಾಟ್ ತೇವ ಕುಡಿಯುತ್ತದೆ, ಎಪಾಕ್ಸಿಯ ಮೈಮೇಲೆ ಮೇಣದಂತಹ ಜಿಡ್ಡು ಕೂರುತ್ತದೆ, ಅದರ ಮೇಲೆ ಯಾವುದೂ ಹಿಡಿಯುವುದಿಲ್ಲ. ಗ್ಯಾರೇಜಿನ ಬಾಗಿಲು ಮುಚ್ಚಿ, 500 ವಾಟಿನ ಹ್ಯಾಲೋಜನ್ ದೀಪವನ್ನು ಮೂರು ಅಡಿ ದೂರದಲ್ಲಿಟ್ಟು, ಅಂಟಿಸುವ ಮುಂಚೆ ಎರಡು ಗಂಟೆ ಬಾಗಿಲನ್ನು ಬೆಚ್ಚಗೆ ಮಾಡಿದೆ. ಗಟ್ಟಿಯಾದ ಮೇಲೆ ಜಿಡ್ಡನ್ನು ಬರೀ ನೀರಿನಿಂದ ತಿಕ್ಕಿ ತೊಳೆದು, ಒಣಗಿಸಿ, ಆಮೇಲಷ್ಟೇ ಉಜ್ಜಿದೆ. ತೊಳೆಯದೆ ಉಜ್ಜಿದರೆ ಜಿಡ್ಡು ಒಳಕ್ಕೇ ಹೋಗುತ್ತದೆ.

ಹಲಗೆಯನ್ನು ಅಂಟಿಸುವಾಗ ಹೊಸದಾಗಿ ಕೊರೆದ ತೂತುಗಳಲ್ಲೇ ಮೇಣ ಸವರಿದ ಬೋಲ್ಟುಗಳನ್ನು ತೂರಿಸಿ, ಅವನ್ನೇ ಹಿಡಿಕಟ್ಟಾಗಿ ಬಳಸಿದೆ. ಇಲ್ಲಿ ಬಲ ತೋರಿಸಬಾರದು; ಬೆರಳಿನಿಂದ ತಿರುಗಿಸಿ, ಸುತ್ತಲೂ ಅಂಟು ಮಣಿಯಂತೆ ಹೊರಬಂದ ಕೂಡಲೇ ನಿಲ್ಲಿಸಬೇಕು. ಜೋರಾಗಿ ಒತ್ತಿದರೆ ಅಂಟೆಲ್ಲ ಹೊರಗೆ ಬಂದು ನಡುವೆ ಏನೂ ಉಳಿಯುವುದಿಲ್ಲ. ಹೊರಮೈಯಿಂದ ಕೊರೆಯುವಾಗ ಟೇಪು ಅಂಟಿಸಿ, ಬಣ್ಣ ಮತ್ತು ಜೆಲ್‌ಕೋಟ್ (ಫೈಬರಿನ ಮೇಲಿನ ನುಣುಪು ರೆಸಿನ್ ಹೊದಿಕೆ) ದಾಟುವವರೆಗೆ ಡ್ರಿಲ್ಲನ್ನು ಉಲ್ಟಾ ತಿರುಗಿಸಿದೆ. ಹಾಗೆ ಮಾಡಿದರೆ ಬಿಟ್ ಕಚ್ಚುವುದಿಲ್ಲ, ಸವೆಸುತ್ತದೆ. ಅಂಚು ಸಿಪ್ಪೆಯಾಗಿ ಹಾರುವುದಿಲ್ಲ.

ಬೇರೆ ಕಾರಿನ ಬುಡವಾದ್ದರಿಂದ ಮುಂದಿನ ಮೂಲೆಯಲ್ಲಿ ಬಾಗಿಲಿಗೂ ಅದಕ್ಕೂ ಒಂದೂವರೆ ಮಿಲಿಮೀಟರ್ ಸಂದು ಇತ್ತು. ಹಳೆಯ ಗ್ಯಾರೇಜಿನವರು ಅಲ್ಲಿ ಸಿಲಿಕೋನ್ ತುಂಬಿದ್ದರು. ನಾನು ಬುಡವನ್ನು ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಬಾಗಿಲಿನ ಮೇಲೆ ಎಪಾಕ್ಸಿಯ ಹಾಸು ಹಾಕಿ, ಅದರ ಮೇಲೆ ಬುಡವನ್ನು ಮೆಲ್ಲಗೆ ಒತ್ತಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಬುಡ ಬಿಡಿಸಿಕೊಂಡಾಗ ಅದರ ಅಡಿಯಲ್ಲಿದ್ದ ಭಾಗದ ಸಂಖ್ಯೆ ಸಹಿತ ಅಚ್ಚು ಮೂಡಿತ್ತು, ಅಕ್ಷರಗಳು ಉಲ್ಟಾ.

ಇಷ್ಟಾದರೂ ಬೋಲ್ಟಿನ ಒತ್ತು ಫೈಬರಿನ ಮೇಲೆಯೇ ಇದ್ದರೆ ಇನ್ನೈದು ವರ್ಷಕ್ಕೆ ಇದೇ ಕತೆ. ಅದಕ್ಕಾಗಿ ಪ್ರತಿ ತೂತಿಗೂ ಒಂದು ಸ್ಟೇನ್‌ಲೆಸ್ ಸ್ಲೀವ್, ಅಂದರೆ ಬೋಲ್ಟು ಒಳಗೆ ಹಾಯುವ ಗಿಡ್ಡ ಕೊಳವೆ. ವಸಾಹತಿನ ಲೇಥ್ ಅಂಗಡಿಯಲ್ಲಿ ಹೊರವ್ಯಾಸ 8, ಒಳವ್ಯಾಸ 5.3 ಮಿಲಿಮೀಟರಿನ ಆರು ಸ್ಲೀವ್‌ಗಳನ್ನು ಮಾಡಿಸಿದೆ. ಎಡಬಾಗಿಲಿನ ಮೂರು ತೂತುಗಳಲ್ಲಿ ಒಟ್ಟು ದಪ್ಪ 9.2, 9.4 ಮತ್ತು ಹಾಸು ಬಿದ್ದ ಮೂಲೆಯಲ್ಲಿ 10.6 ಬಂತು. ಬುಡದ ಅಡಿಗೆ ಹಾಕುವ ಬಿಸಿಲು ಮಳೆ ತಾಳುವ ಇಪಿಡಿಎಂ ಎಂಬ ಎರಡು ಮಿಲಿಮೀಟರ್ ರಬ್ಬರು ಒಂದೂವರೆಗೆ ಒತ್ತಿಕೊಂಡರೆ ನೀರು ತಡೆಯುತ್ತದೆ. ಹಾಗಾಗಿ ಸ್ಲೀವಿನ ಉದ್ದ ಅನುಕ್ರಮವಾಗಿ 10.7, 10.9, 12.1. ಬೋಲ್ಟು ಎಷ್ಟೇ ಬಿಗಿದರೂ ಅದರ ಬಲ ವಾಷರಿನಿಂದ ಸ್ಲೀವಿಗೆ, ಸ್ಲೀವಿನಿಂದ ಬುಡದ ಎರಕಕ್ಕೆ ಹೋಗುತ್ತದೆ. ಫೈಬರೂ ರಬ್ಬರೂ ನಡುವೆ ಅಳತೆಯಷ್ಟೇ ಒತ್ತಿಕೊಂಡಿರುತ್ತವೆ. ಸೈಕಲ್ ಟ್ಯೂಬಿನ ರಬ್ಬರ್ ಸಾಕೆಂದು ಲೇಥಿನವರು ಹೇಳಿದರು. ಅದು ಬಿಸಿಲಿಗೆ ಎರಡು ಬೇಸಿಗೆಯಲ್ಲಿ ಸೀಳುತ್ತದೆಂದು ನನ್ನ ಅನುಭವ.

ಬುಡದಲ್ಲಿ ಕಿತ್ತುಹೋದ ಬೋಲ್ಟಿನ ಎಳೆಯ ಜಾಗಕ್ಕೆ ಎಂ5 (ಐದು ಮಿಲಿಮೀಟರ್ ಬೋಲ್ಟಿನ) ಅಳತೆಯ ಹೆಲಿಕಾಯ್ಲ್, ಅಂದರೆ ಹೊಸ ಎಳೆಯಾಗಿ ಕೂರುವ ತಂತಿಸುರುಳಿ, ಕೂರಿಸಿದೆ. ಬಿರುಕು ತುಂಬುವುದು, ಪ್ರೈಮರ್, ಬಣ್ಣ, ಪಾಲಿಶ್ ಇವುಗಳಲ್ಲಿ ಹೇಳಿಕೊಳ್ಳುವಂತಹದ್ದು ಕಡಿಮೆ. ಪ್ರತಿ ಬಿರುಕನ್ನು ಚೂಪು ಉಳಿಯಿಂದ ಕಾಲುವೆಯಂತೆ ತೆರೆದೆ. ಮೇಲಿಂದ ಮೇಲೆ ಪುಟ್ಟಿ ಬಳಿದರೆ ಆರು ತಿಂಗಳಲ್ಲಿ ಅದೇ ಗೆರೆ ಮತ್ತೆ ಮೂಡುತ್ತದೆ. ಏಳರಲ್ಲಿ ಐದು ಜೆಲ್‌ಕೋಟಿಗೇ ಮುಗಿದವು, ಎರಡು ಮಾತ್ರ ಮ್ಯಾಟಿನವರೆಗೆ ಇಳಿದಿದ್ದವು. ಮಡಗಾಂವಿನಲ್ಲಿ ಬೆರೆಸಿಕೊಟ್ಟ ಕೆಂಪು ಬಿಸಿಲಿಗೆ ಬಾಡಿದ ನನ್ನ ಕೆಂಪಿಗಿಂತ ಒಂದು ಛಾಯೆ ಗಾಢ. ಅದನ್ನು ಬಾಗಿಲಿನ ಉಬ್ಬುಗೆರೆಯವರೆಗೆ ಮಾತ್ರ ಹೊಡೆಸಿದ್ದರಿಂದ ಗೊತ್ತಿಲ್ಲದವರಿಗೆ ಕಾಣುವುದಿಲ್ಲ, ಗೊತ್ತಿರುವ ನನಗೆ ದಿನವೂ ಕಾಣುತ್ತದೆ.

ಜೋಡಿಸುವಾಗ ಬೋಲ್ಟಿನ ಎಳೆಗಳಿಗೆ ನೀಲಿ ಥ್ರೆಡ್‌ಲಾಕ್ ಹಚ್ಚಿದೆ. ಅದು ಸಡಿಲವಾಗದಂತೆ ಹಿಡಿಯುವುದಲ್ಲದೆ ಎಳೆಗಳೊಳಗೆ ಉಪ್ಪುನೀರು ಇಳಿಯದಂತೆಯೂ ತಡೆಯುತ್ತದೆ. ಆದರೆ ಒಂದು ಹನಿಯೂ ಕನ್ನಡಿಯ ಪ್ಲಾಸ್ಟಿಕ್ ಕವಚಕ್ಕೆ ತಾಗಬಾರದು, ಪ್ಲಾಸ್ಟಿಕ್ ಸೀಳುತ್ತದೆ. 25 ಮಿಲಿಮೀಟರ್ ಅಗಲದ ವಾಷರು ಹಾಕಿ, ಟಾರ್ಕ್ ರೆಂಚನ್ನು 4 ನ್ಯೂಟನ್ ಮೀಟರಿಗೆ ಇಟ್ಟು, ಮೂರನ್ನೂ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿದೆ. ಸ್ಲೀವ್ ಬುಡಕ್ಕೆ ತಾಗಿದ ಕ್ಷಣ ಕೈಗೆ ತಿಳಿಯುತ್ತದೆ. ಮೆತ್ತಗಿದ್ದದ್ದು ಒಮ್ಮೆಗೇ ಗಟ್ಟಿಯಾಗುತ್ತದೆ. ಬೋಲ್ಟಿನ ತಲೆಯಿಂದ ವಾಷರಿನವರೆಗೆ ಹಳದಿ ಬಣ್ಣದ ಒಂದು ಗೆರೆ ಎಳೆದಿಟ್ಟೆ, ಮುಂದೆ ಅದು ತಿರುಗಿದರೆ ಗೆರೆ ಮುರಿಯುತ್ತದೆ. ಎರಡು ಬಾಗಿಲಿಗೂ ಸೇರಿ ಖರ್ಚು, ಬಣ್ಣವೂ ಒಳಗೊಂಡು, ಆರು ಸಾವಿರದ ಒಳಗೇ ಮುಗಿಯಿತು. ಸಮಯ ಮಾತ್ರ ಐದು ವಾರಾಂತ್ಯ ಹಿಡಿಯಿತು.

ಆಗಸ್ಟಿನ ಎರಡನೆಯ ಭಾನುವಾರ, ಬೋಟುಗಳೆಲ್ಲ ನೀರಿಗಿಳಿದ ಮೇಲೆ, ಮೇಸ್ತ್ರಿಯವರು ಮನೆಗೆ ಬಂದರು. ಕನ್ನಡಿಯನ್ನು ಮುಟ್ಟಲೇ ಇಲ್ಲ. ಜೇಬಿನಿಂದ ನಾಣ್ಯ ತೆಗೆದು ಬುಡದ ಸುತ್ತ ತಟ್ಟುತ್ತ ಹೋದರು. ಒಂದು ಮೂಲೆಯಲ್ಲಿ ಎರಡು ಸಲ ತಟ್ಟಿ, “ಇಲ್ಲಿ ಒಂಚೂರು ಅಂಟು ಕಡಿಮೆ ಬಿದ್ದಿದೆ, ಬಿಡಿ, ಏನೂ ಆಗೂದಿಲ್ಲ” ಎಂದರು. ಬೆರಳಿನ ಉಗುರಿನಷ್ಟು ಜಾಗ ಅದು. ನಾನು ಅದೇ ನಾಣ್ಯದಿಂದ ಹತ್ತು ಸಲ ತಟ್ಟಿ ಕೇಳಿದರೂ ನನಗೆ ವ್ಯತ್ಯಾಸ ತಿಳಿಯಲಿಲ್ಲ.

ಚಹಾ ಮುಗಿಸಿ ಇಬ್ಬರೂ ಕುಠ್ಠಾಳಿಯ ದಾರಿಯಾಗಿ ಜುವಾರಿಯ ಹೊಸ ಸೇತುವೆಯವರೆಗೆ ಹೋಗಿ ಬಂದೆವು. ಐಡ್ಲಿಂಗಿನಲ್ಲಿ ಪ್ರತಿಬಿಂಬ ಅಲುಗಲಿಲ್ಲ. ನಿಧಾನವಾಗಿ ಆಕ್ಸಿಲರೇಟರ್ ಒತ್ತುತ್ತ ಹೋದಾಗ 2700 ಸುತ್ತಿನ ಬಳಿ ಅಂಚು ಒಂದಿಷ್ಟು ಮಸುಕಾಗಿ, ದಾಟಿದೊಡನೆ ತಿಳಿಯಾಯಿತು. ಅದು ಸೆಕೆಂಡಿಗೆ 90 ತಳ್ಳು. 28ರೊಂದಿಗೆ ಹೋಲಿಸಿದರೆ ಬುಡದ ಬಿಗುವು ಹತ್ತು ಪಟ್ಟು. ಸೇತುವೆಯ ಜೋಡುಗಳ ಮೇಲೆ ಚಕ್ರ ಹಾಯುವಾಗ ಮೊದಲು ಕನ್ನಡಿ ಕಿವಿಯಾಡಿಸಿದಂತೆ ಆಡುತ್ತಿತ್ತು, ಈಗ ಬಾಗಿಲಿನೊಂದಿಗೇ ಒಂದು ಮೈಯಾಗಿ ಕುಲುಕುತ್ತದೆ. ಹಿಂದೆ ಬರುತ್ತಿದ್ದ ಕೆಎ ನೋಂದಣಿಯ ಲಾರಿಯ ಸಂಖ್ಯೆಯನ್ನು ಮೇಸ್ತ್ರಿಯವರು ಎಡಗನ್ನಡಿಯಲ್ಲಿ ನೋಡಿ, ಉಲ್ಟಾ ಅಂಕೆಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿಕೊಂಡು ಓದಿ ಹೇಳಿದರು.

ಒಂದು ಸಾವಿರ ಕಿಲೋಮೀಟರ್ ಆದ ಮೇಲೆ ಒಳಹಲಗೆ ಬಿಚ್ಚಿ ನೋಡಿದೆ. ಆರು ಹಳದಿ ಗೆರೆಗಳಲ್ಲಿ ಐದು ನೆಟ್ಟಗಿವೆ. ಬಲಬಾಗಿಲಿನ ಕೆಳಗಿನ ಬೋಲ್ಟಿನದು ಒಂದು ಕೂದಲೆಳೆಯಷ್ಟು ಸರಿದಿದೆ. ಆ ಸ್ಲೀವ್ ಅಳತೆಗಿಂತ 0.2 ಮಿಲಿಮೀಟರ್ ಗಿಡ್ಡವೆಂದು ಜೋಡಿಸುವಾಗಲೇ ಗೊತ್ತಿದ್ದೂ ಹಾಕಿದ್ದೆ. ಲೇಥಿನವರಿಗೆ ಇನ್ನೊಂದನ್ನು ಹೇಳಿದ್ದೇನೆ.